ಹೊಳೆಯ ಕಲ್ಲಿನಡಿಯ ಶಿಲ್ಪಿ

ಮಳೆಗಾಲವೆಲ್ಲ ಕೆಮ್ಮಣ್ಣಿನ ರಾಡಿಯನ್ನು ಹೊತ್ತು ದಡ ಮೀರಿ ಹರಿದ ವರದಾ ನದಿಯು, ಮಹಾನವಮಿ ಕಳೆದು ದೀಪಾವಳಿ ಸಮೀಪಿಸುವ ವೇಳೆಗೆ ತನ್ನ ಪಾತ್ರಕ್ಕೆ ಹಿಂದಿರುಗಿ, ತಿಳಿಗೊಂಡು, ತಳದ ಮರಳನ್ನೂ ನುಣುಪುಗಲ್ಲುಗಳನ್ನೂ ನೋಡುವವರ ಕಣ್ಣಿಗೆ ಕಾಣಗೊಡುವುದನ್ನು ಹಾನಗಲ್ಲ ಸೀಮೆಯವರು ಬಲ್ಲರು. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಕೂಡಲದಲ್ಲಿ ಧರ್ಮಾ ನದಿಯನ್ನು ಕೂಡಿಕೊಂಡು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಈ ನದಿಗೂ, ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯನ್ನು ತುಂಬಿ ಮುಂದೆ ಹರಿಯುವ ಕುಮುದ್ವತಿಗೂ ಶರದೃತುವು ತಂದುಕೊಡುವ ನಿರ್ಮಲತೆ ನಮ್ಮ ಕಾವ್ಯಪರಂಪರೆಗೆ ಚಿರಪರಿಚಿತವಾದ ವಸ್ತು. ಆದರೆ ಆ ತಿಳಿನೀರಿನಲ್ಲಿ, ಹರಿವು ಬಿರುಸಾಗಿರುವ ಕಡೆ, ತಳದ ಒಂದು ಕಲ್ಲನ್ನು ಮೆಲ್ಲನೆ ತಿರುವಿ ನೋಡಿದಾಗ ಕಾಣುವ, ಮರಳಿನ ಹರಳುಗಳನ್ನು ರೇಷ್ಮೆಯಿಂದ ಬಿಗಿದು ಕಟ್ಟಿದ ಪುಟ್ಟ ಮನೆಗಳ ಕಡೆಗೂ, ಅವುಗಳ ಬಳಿಯಲ್ಲಿಯೇ ಹರಿವಿಗೆ ಮುಖಮಾಡಿ ಹರಡಿದ ಸೂಕ್ಷ್ಮವಾದ ಬಲೆಗಳ ಕಡೆಗೂ, ಇವೆಲ್ಲವನ್ನೂ ನಿರ್ಮಿಸಿದ ಜೀವಿಯ ಕಡೆಗೂ ನಮ್ಮವರ ಲಕ್ಷ್ಯ ಹರಿದದ್ದು ವಿರಳ. ಆ ಜೀವಿಯೇ ಕ್ಯಾಡಿಸ್ ಹುಳು.

ಇಲ್ಲಿಂದ ಸಾವಿರಾರು ಮೈಲಿಗಳಾಚೆ, ಇಂಗ್ಲೆಂಡಿನ ತಣ್ಣೀರ ಹೊಳೆಗಳ ದಡದಲ್ಲಿಯೂ ಅಮೆರಿಕದ ಪಶ್ಚಿಮದ ಪರ್ವತಪ್ರಾಂತಗಳಲ್ಲಿಯೂ, ಇದೇ ಗಣದ ಹುಳುಗಳು ಶರತ್ಕಾಲದ ಸಂಜೆ ನೀರನ್ನು ತೊರೆದು ರೆಕ್ಕೆ ಬಿಚ್ಚುವ ಗಳಿಗೆಗಾಗಿ ಗಾಳ ಹಾಕುವವರು ಕಾತರದಿಂದ ಕಾಯುವರು. ಹುಳುವಿನ ಒಂದೊಂದು ಅವಸ್ಥೆಯ ಬಣ್ಣವನ್ನೂ ಗಾತ್ರವನ್ನೂ ಚಲನೆಯನ್ನೂ ಅಭ್ಯಾಸಮಾಡಿ ಗ್ರಂಥಗಳನ್ನೇ ಬರೆದಿರುವರು. ಒಂದು ಕ್ರೀಡೆಯ ನಿಮಿತ್ತವಾಗಿ ಆರಂಭವಾದ ಈ ನಿರೀಕ್ಷಣೆಯು ಕಾಲಕ್ರಮದಲ್ಲಿ ನದಿಯನ್ನು ಅರಿಯುವ ವಿದ್ಯೆಯಾಗಿ ಬೆಳೆಯಿತು. ಆ ವಿದ್ಯೆಯು ನಮ್ಮ ಸೀಮೆಗೂ ಬೇಕಾದುದೆಂಬ ದೃಢವಾದ ನಂಬಿಕೆಯಿಂದ ಅದರ ಪರಿಚಯವನ್ನು ಇಲ್ಲಿ ಮಾಡಿಕೊಡಲು ಬಯಸುತ್ತೇನೆ.

ಕೀಟಶಾಸ್ತ್ರಜ್ಞರು ಟ್ರೈಕಾಪ್ಟೆರ ಎಂದು ಕರೆಯುವ ಈ ಗಣದಲ್ಲಿ ಪ್ರಪಂಚದಾದ್ಯಂತ ಈವರೆಗೆ 16,000ಕ್ಕೂ ಮಿಕ್ಕ ಜಾತಿಗಳು ಗುರುತಿಸಲ್ಪಟ್ಟಿವೆ. ಭಾರತವೊಂದರಲ್ಲಿಯೇ ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಚಿಟ್ಟೆ ಮತ್ತು ಪತಂಗಗಳಿಗೆ ಇವು ಅತ್ಯಂತ ನಿಕಟವಾದ ದಾಯಾದಿಗಳು. ಪತಂಗದ ರೆಕ್ಕೆಯನ್ನು ಮುಟ್ಟಿದರೆ ಬೆರಳಿಗೆ ಹತ್ತುವ ಹುಡಿಯಂಥ ಹುರುಪೆಗಳ ಬದಲು ಇವುಗಳ ರೆಕ್ಕೆಯ ಮೇಲೆ ನವಿರಾದ ರೋಮಗಳಿರುತ್ತವೆ. ಕುಳಿತಾಗ ರೆಕ್ಕೆಗಳನ್ನು ಹೆಂಚಿನ ಮನೆಯ ಮಾಡಿನಂತೆ ಇಳಿಜಾರಾಗಿ ಮಡಚಿ, ಉದ್ದವಾದ ಮೀಸೆಗಳನ್ನು ಮುಂದಕ್ಕೆ ಚಾಚಿಕೊಂಡಿರುತ್ತವೆ. ಬಣ್ಣವು ಸಾಮಾನ್ಯವಾಗಿ ಕಂದು, ಬೂದು, ಮಸುಕು ಹಳದಿ. ನೋಡುವವರ ಕಣ್ಣನ್ನು ಸೆಳೆಯುವ ಆಡಂಬರವಿಲ್ಲ. ರೆಕ್ಕೆ ಬಂದ ಮೇಲೆ ಘನಾಹಾರವನ್ನು ತಿನ್ನಲು ತಕ್ಕ ಬಾಯಿ ಇವುಗಳಿಗಿರುವುದಿಲ್ಲವಾದುದರಿಂದ, ಅಲ್ಪಸ್ವಲ್ಪ ದ್ರವವನ್ನು ಹೀರಿಕೊಂಡು, ಕೂಡಿ, ಮೊಟ್ಟೆಯಿಟ್ಟು ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಜೀವಿತವನ್ನು ಮುಗಿಸುತ್ತವೆ.

ಬದುಕಿನ ಬಹುಭಾಗವು ಕಳೆಯುವುದು ನೀರಿನೊಳಗೆ, ಡಿಂಭಾವಸ್ಥೆಯಲ್ಲಿ; ಈ ಹುಳುವಿನ ಕೌಶಲವೆಲ್ಲ ಪ್ರಕಟವಾಗುವುದೂ ಅಲ್ಲಿಯೇ. ಮೊಟ್ಟೆಯೊಡೆದು ಬಂದ ಡಿಂಭದ ಕೆಳತುಟಿಯ ಗ್ರಂಥಿಯಿಂದ ಒಂದು ಬಗೆಯ ರೇಷ್ಮೆ ಹೊರಡುತ್ತದೆ. ನಮ್ಮ ಹಾವೇರಿ ಜಿಲ್ಲೆಯ ರೈತರು ಸಾಕುವ ರೇಷ್ಮೆಹುಳುವಿನ ನೂಲಿಗೂ ಇದಕ್ಕೂ ಮೂಲದಲ್ಲಿ ಬಾಂಧವ್ಯವುಂಟು. ಆದರೆ ಇದು ನೀರಿನೊಳಗೇ ಒದ್ದೆಯಾದ ಕಲ್ಲಿಗೆ ಭದ್ರವಾಗಿ ಅಂಟಬಲ್ಲುದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಈ ನೂಲಿನ ರಸಾಯನವನ್ನು ಶೋಧಿಸಿ, ಅದರ ಪ್ರೋಟೀನಿನಲ್ಲಿ ಹೇರಳವಾಗಿರುವ ಫಾಸ್ಫೇಟ್ ಅಂಶವೇ ಅದನ್ನು ನೀರಿನ ಬಾಳುವೆಗೆ ಒಗ್ಗಿಸಿದೆಯೆಂದು ತೋರಿಸಿದರು. ಶರೀರದ ಗಾಯಗಳನ್ನು ಒಳಗಿನಿಂದ ಅಂಟಿಸಬಲ್ಲ ಗೋಂದನ್ನು ಇದರ ಮಾದರಿಯಲ್ಲಿ ತಯಾರಿಸಬಹುದೇ ಎಂಬುದು ಆ ಶೋಧನೆಯ ಹಿಂದಿನ ಆಶಯ.

ಈ ರೇಷ್ಮೆಯಿಂದ ಒಂದೊಂದು ಕುಟುಂಬದ ಡಿಂಭವು ಒಂದೊಂದು ವಿಧವಾದ ರಚನೆಯನ್ನು ಮಾಡುತ್ತದೆ. ಕೆಲವು ಮರಳಿನ ಕಣಗಳನ್ನು ಆಯ್ದು ಕೊಳವೆಯಾಕಾರದ ಗೂಡನ್ನು ಕಟ್ಟಿ, ಅದರೊಳಗೆ ಮೈಯನ್ನಿಟ್ಟು, ತಲೆಯನ್ನೂ ಕಾಲುಗಳನ್ನೂ ಮಾತ್ರ ಹೊರಚಾಚಿ ಅದನ್ನು ಎಳೆದುಕೊಂಡು ತಿರುಗುತ್ತವೆ. ಕೆಲವು ಕಡ್ಡಿಚೂರುಗಳನ್ನು ಜೋಡಿಸುತ್ತವೆ. ಕೆಲವು ಕೊಳೆತ ಎಲೆಯಿಂದ ಎರಡು ಬಿಲ್ಲೆಗಳನ್ನು ಕತ್ತರಿಸಿ, ಒಂದನ್ನು ಮೇಲೆ ಒಂದನ್ನು ಕೆಳಗೆ ಹೊದೆದುಕೊಂಡು, ನೀರಿನ ತಳದ ಎಲೆಗಳ ನಡುವೆ ಎಲೆಯಾಗಿಯೇ ಮರೆಯಾಗುತ್ತವೆ. ಹೈಡ್ರೋಸೈಕಿಡೆ ಎಂಬ ಕುಟುಂಬದವು ಗೂಡನ್ನು ಹೊತ್ತು ತಿರುಗುವ ಗೋಜಿಗೆ ಹೋಗದೆ, ಕಲ್ಲಿನ ಸಂದಿಯಲ್ಲಿ ನೆಲೆನಿಂತು, ಹರಿವಿಗೆ ಎದುರಾಗಿ ಬಲೆಯನ್ನು ನೇಯ್ದು, ಅದರಲ್ಲಿ ಸಿಕ್ಕಿದ ಪಾಚಿ ಮತ್ತು ಕ್ಷುದ್ರಜೀವಿಗಳನ್ನು ಉಣ್ಣುತ್ತವೆ. ಫ್ರಾನ್ಸಿನ ಮಹಾಕೀಟಜ್ಞ ಝಾನ್ ಆಂರಿ ಫಾಬ್ರ್ ಗಾಜಿನ ತೊಟ್ಟಿಗಳಲ್ಲಿ ಇವುಗಳನ್ನು ಸಾಕಿ ಇವುಗಳ ಗೃಹನಿರ್ಮಾಣವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅದೇ ದೇಶದ ಯೂಬೆರ್ ದ್ಯುಪ್ರಾ ಎಂಬ ಕಲಾವಿದನು 1980ರ ದಶಕದಲ್ಲಿ ಇವುಗಳ ಗೂಡನ್ನು ಮೆಲ್ಲನೆ ತೆಗೆದು, ತೊಟ್ಟಿಯಲ್ಲಿ ಮರಳಿಗೆ ಬದಲಾಗಿ ಚಿನ್ನದ ಚೂರುಗಳನ್ನೂ ಮುತ್ತುಗಳನ್ನೂ ಇರಿಸಿದಾಗ, ಅವು ತಮ್ಮ ಕುಲದ ಕ್ರಮವನ್ನು ಕಿಂಚಿತ್ತೂ ಬಿಡದೆ ಚಿನ್ನದ ಗೂಡುಗಳನ್ನು ಕಟ್ಟಿಕೊಂಡವು. ಪ್ರಕೃತಿಯು ಒಂದು ಹುಳುವಿನಲ್ಲಿಟ್ಟಿರುವ ನಿಯಮದ ದಾರ್ಢ್ಯವನ್ನು ತೋರಿಸಲು ಇದಕ್ಕಿಂತ ಮನೋಹರವಾದ ಸಾಕ್ಷ್ಯವನ್ನು ನಾನು ಕಾಣೆ.

ಬೆಳವಣಿಗೆ ಪೂರ್ಣವಾದ ಡಿಂಭವು ಗೂಡನ್ನು ಕಲ್ಲಿಗೆ ಬಿಗಿದು, ಬಾಗಿಲನ್ನು ಮುಚ್ಚಿಕೊಂಡು ಕೋಶಾವಸ್ಥೆಯನ್ನು ಪ್ರವೇಶಿಸುತ್ತದೆ. ರೂಪಾಂತರ ಮುಗಿದ ಮೇಲೆ ಒಳಗಿನ ಜೀವಿಯು ತನ್ನ ಬಲವಾದ ದವಡೆಗಳಿಂದ ಮುಚ್ಚಳವನ್ನು ಕತ್ತರಿಸಿ ಹೊರಬಿದ್ದು, ನಡುಗಾಲುಗಳನ್ನು ಹುಟ್ಟುಹಾಕುತ್ತ ನೀರಿನ ಮೇಲ್ಮೈಗೆ ಏರುತ್ತದೆ. ಅಲ್ಲಿ ಪೊರೆಯನ್ನು ಕಳಚಿ, ಕ್ಷಣಾರ್ಧದಲ್ಲಿ ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ. ತಳಕ್ಕೂ ಮೇಲ್ಮೈಗೂ ನಡುವಿನ ಈ ಅಲ್ಪವಾದ ಪ್ರಯಾಣವೇ ಅದರ ಆಯುಷ್ಯದಲ್ಲೆಲ್ಲ ಅತ್ಯಂತ ಅಪಾಯದ ಕಾಲ. ಗೂಡಿನ ರಕ್ಷಣೆಯೂ ಇಲ್ಲ, ರೆಕ್ಕೆಯ ಬಲವೂ ಇಲ್ಲ. ಕೆಳಗೆ ಮೀನು ಕಾದಿರುತ್ತದೆ.

ಟ್ರೌಟ್ ಮೀನಿನ ಪ್ರಸ್ತಾಪ ಬರುವುದು ಇಲ್ಲಿ. ತಣ್ಣಗಿನ, ಪ್ರಾಣವಾಯು ಸಮೃದ್ಧವಾಗಿ ಬೆರೆತ, ವೇಗವಾಗಿ ಹರಿಯುವ ನೀರಲ್ಲದೆ ಈ ಮೀನು ಬದುಕದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಳವಳಗೊಳ್ಳುತ್ತದೆ, 25ನ್ನು ಮೀರಿದರೆ ಅದರ ಪ್ರಾಣಕ್ಕೇ ಸಂಚಕಾರ. ಇಂಥ ಹೊಳೆಗಳಲ್ಲಿ ಅದರ ಆಹಾರದ ದೊಡ್ಡ ಪಾಲು ನೀರಿನ ಕೀಟಗಳದು, ಅವುಗಳಲ್ಲಿಯೂ ಕ್ಯಾಡಿಸ್ ಹುಳುವಿನದು. ಡಿಂಭವನ್ನು ಗೂಡುಸಮೇತ ನುಂಗುವುದರಿಂದ ಟ್ರೌಟಿನ ಹೊಟ್ಟೆಯನ್ನು ಸೀಳಿದಾಗ ಮರಳೂ ಕಡ್ಡಿಯೂ ಕಾಣಸಿಗುವುದುಂಟು. ಮೇಲೇರುತ್ತಿರುವ ಹುಳುವನ್ನು ಅಟ್ಟಿಸಿಕೊಂಡು ಬಂದ ಮೀನು ನೀರನ್ನು ಚಿಮ್ಮಿಸುತ್ತ ಮೇಲ್ಮೈಯನ್ನು ಒಡೆಯುತ್ತದೆ; ತೇಲಿಬರುವ ಬೇರೆ ಹುಳುಗಳನ್ನು ತಿನ್ನುವಾಗ ಮೂಡುವ ಸಣ್ಣ ವರ್ತುಲಕ್ಕೂ ಈ ಚಿಮ್ಮುವಿಕೆಗೂ ಇರುವ ಭೇದವನ್ನು ನೋಡಿಯೇ ನುರಿತ ಬೇಟೆಗಾರನು ನೀರಿನೊಳಗೆ ಏನು ನಡೆಯುತ್ತಿದೆಯೆಂಬುದನ್ನು ಹೇಳಬಲ್ಲನು.

ವರದೆಯ ದಡದಲ್ಲಿ ಬಿದಿರಿನ ಕಡ್ಡಿಗೆ ನೂಲು ಕಟ್ಟಿ, ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ನೋಡುತ್ತ ಕೂಡುವ ನಮ್ಮ ಗಾಳದ ರೀತಿಗೂ, ಫ್ಲೈ ಫಿಶಿಂಗ್ ಎಂದು ಹೆಸರಾದ ಆ ರೀತಿಗೂ ಮೂಲದಲ್ಲಿಯೇ ವ್ಯತ್ಯಾಸವಿದೆ. ನಮ್ಮಲ್ಲಿ ಗಾಳದ ತುದಿಯ ಸೀಸದ ಗುಂಡೋ ಆಹಾರದ ತೂಕವೋ ನೂಲನ್ನು ದೂರಕ್ಕೆ ಒಯ್ಯುತ್ತದೆ. ಅಲ್ಲಿ ತೂಕವಿರುವುದು ನೂಲಿಗೇ. ಭಾರವಾದ ಆ ನೂಲನ್ನು ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ತುದಿಯಲ್ಲಿರುವ, ಉಸಿರಿಗೆ ಹಾರುವಷ್ಟು ಹಗುರವಾದ ಕೃತಕ ನೊಣವನ್ನು ಮೀನಿನ ಮುಂದೆ ನಿಜವಾದ ಹುಳುವೇ ಬಂದಿಳಿದಂತೆ ಇಳಿಸಬೇಕು. ಗಾಳದ ಮೇಲೆ ಗರಿ, ರೋಮ, ರೇಷ್ಮೆನೂಲುಗಳನ್ನು ಸುತ್ತಿ ಕಟ್ಟಿದ ಆ ನೊಣಕ್ಕೆ ರುಚಿಯಿಲ್ಲ, ವಾಸನೆಯಿಲ್ಲ; ರೂಪ ಮತ್ತು ಚಲನೆಗಳೇ ಅದರ ಬಲ. ಆದುದರಿಂದ ಈ ಕಲೆಯನ್ನು ಅಭ್ಯಾಸಮಾಡುವವನು ಕೀಟಶಾಸ್ತ್ರದ ವಿದ್ಯಾರ್ಥಿಯಾಗದೆ ನಿರ್ವಾಹವಿಲ್ಲ.

ಶರತ್ಕಾಲದ ಕ್ಯಾಡಿಸ್ ಹುಳುವಿಗೆ ಇವರಲ್ಲಿ ವಿಶೇಷವಾದ ಮನ್ನಣೆ ಬಂದಿರುವುದಕ್ಕೆ ಕಾರಣವುಂಟು. ಚಳಿ ಸಮೀಪಿಸಿದಂತೆ ಹೊಳೆಯ ಮೇಲೆ ಏಳುವ ಇತರ ಹುಳುಗಳು ಗಾತ್ರದಲ್ಲಿ ಕಿರಿದಾಗುತ್ತ, ಸಂಖ್ಯೆಯಲ್ಲಿ ಕಡಿಮೆಯಾಗುತ್ತ ಹೋಗುವಾಗ, ಇಂಗ್ಲೆಂಡಿನಲ್ಲಿ ಹಲೀಸಸ್ ಎಂಬ ಕುಲದ, ಬೇಟೆಗಾರರು ಕೇಪರರ್ ಎಂದು ಕರೆಯುವ ಹುಳುವೂ, ಅಮೆರಿಕದ ಪಶ್ಚಿಮದ ನದಿಗಳಲ್ಲಿ ಡೈಕಾಸ್ಮೀಕಸ್ ಎಂಬ ಕುಲದ, ಅಕ್ಟೋಬರ್ ಕ್ಯಾಡಿಸ್ ಎಂದೇ ಪ್ರಖ್ಯಾತವಾದ ಹುಳುವೂ ಹೊರಬರುತ್ತವೆ. ಅಕ್ಟೋಬರ್ ಕ್ಯಾಡಿಸ್ ಸುಮಾರು ಒಂದಂಗುಲ ಉದ್ದದ, ಕಿತ್ತಳೆ ಬಣ್ಣದ ಒಡಲಿನ ಹುಳು. ಅದರ ಡಿಂಭವು ಸಣ್ಣ ಕಲ್ಲುಗಳಿಂದ ದೃಢವಾದ ಗೂಡನ್ನು ಕಟ್ಟಿಕೊಂಡು ಬೇಸಗೆಯ ನಡುವಿನಲ್ಲಿಯೇ ಬಾಗಿಲು ಮುಚ್ಚಿ, ವಾರಗಟ್ಟಲೆ ನಿಶ್ಚೇಷ್ಟವಾಗಿದ್ದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಏಳುತ್ತದೆ. ಮುಸ್ಸಂಜೆಯಲ್ಲಿ ಹೆಣ್ಣುಹುಳುಗಳು ನೀರಿಗೆ ಮತ್ತೆ ಮತ್ತೆ ಬಡಿಯುತ್ತ ಮೊಟ್ಟೆಯಿಡುವಾಗ, ಚಳಿಗಾಲಕ್ಕೆ ಮುಂಚೆ ಮೈಗೆ ಬಲವನ್ನು ಕೂಡಿಸಿಕೊಳ್ಳಬೇಕಾದ ದೊಡ್ಡ ಟ್ರೌಟ್‌ಗಳು ಅಂಥ ಪುಷ್ಟವಾದ ತುತ್ತನ್ನು ಬಿಡುವುದಿಲ್ಲ. ಶೀತದೇಶಗಳಲ್ಲಿ ಎಲೆಯುದುರುವುದು ಇದೇ ಋತುವಿನಲ್ಲಿ. ಹೊಳೆಗೆ ಬಿದ್ದ ಎಲೆಗಳು ನೆನೆದು ಮೃದುವಾಗುವ ವೇಳೆಗೆ ಅನೇಕ ಜಾತಿಗಳ ಹೊಸ ಡಿಂಭಗಳು ಆ ಎಲೆಗಳನ್ನೇ ಉಂಡು ಬೆಳೆಯುತ್ತವೆ. ಮರ, ಹುಳು, ಮೀನು ಇವು ಮೂರೂ ಒಂದೇ ಕಾಲಚಕ್ರಕ್ಕೆ ಹೊಂದಿಕೊಂಡು ನಡೆಯುವ ಬಗೆಯನ್ನು ಅರಿತವನಿಗೆ ಗಾಳವು ಗೌಣವಾಗಿಯೇ ತೋರುವುದು.

ಈ ವಿದ್ಯೆಯ ಪ್ರಾಚೀನತೆಯೂ ಕಡಿಮೆಯದಲ್ಲ. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಈಲಿಯನ್ ಎಂಬ ಲೇಖಕನು ಮ್ಯಾಸಿಡೋನಿಯದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನೂ ಕೋಳಿಯ ಗರಿಯನ್ನೂ ಕಟ್ಟಿ ಚುಕ್ಕೆಮೀನುಗಳನ್ನು ಹಿಡಿಯುತ್ತಿದ್ದುದನ್ನು ದಾಖಲಿಸಿದ್ದಾನೆ. 1653ರಲ್ಲಿ ಪ್ರಕಟವಾದ ಐಜಾಕ್ ವಾಲ್ಟನನ ಪ್ರಸಿದ್ಧ ಗ್ರಂಥದಲ್ಲಿ ಕ್ಯಾಡಿಸ್ ಡಿಂಭದ ಪ್ರಸ್ತಾಪ ಬರುತ್ತದೆ. ಅಮೆರಿಕದ ಅಲ್ ಟ್ರೋತ್ ಎಂಬಾತನು 1957ರಲ್ಲಿ ಎಲ್ಕ್ ಜಿಂಕೆಯ ರೋಮವನ್ನು ಮಾಡುರೆಕ್ಕೆಯಾಗಿ ಕಟ್ಟಿದ ಕೃತಕ ನೊಣವು ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಗ್ಯಾರಿ ಲಾಫಾಂಟೇನ್ ಎಂಬವನಂತೂ ಉಸಿರಾಟದ ಉಪಕರಣವನ್ನು ಧರಿಸಿ ನದಿಯ ತಳಕ್ಕೇ ಇಳಿದು, ಮೇಲೇರುವ ಹುಳುವಿನ ಪೊರೆಯೊಳಗೆ ವಾಯುವು ಸೇರಿ ಅದು ಬೆಳ್ಳಿಯ ಮಿಂಚನ್ನು ತಾಳುವುದನ್ನು ಕಣ್ಣಾರೆ ಕಂಡು, ಆ ಹೊಳಪನ್ನು ಕೃತಕ ನೊಣದಲ್ಲಿ ತಂದು, 1981ರಲ್ಲಿ ಕ್ಯಾಡಿಸ್ ಹುಳುಗಳನ್ನು ಕುರಿತೇ ಒಂದು ಬೃಹದ್ಗ್ರಂಥವನ್ನು ಹೊರತಂದನು. ನಮ್ಮ ನಾಡಿನ ಒಂದು ಹಕ್ಕಿಯೂ ಈ ಕಥೆಯಲ್ಲಿ ಸೇರಿದೆ. ಹಾನಗಲ್ಲಿಗೆ ಪಶ್ಚಿಮದ ಮುಂಡಗೋಡ-ಯಲ್ಲಾಪುರದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯ ಕೊರಳಿನಲ್ಲಿ ಮೇಣದ ಹನಿಯಂತಹ ಹೊಳಪಿನ ಚುಕ್ಕೆಗಳಿರುವ ಗರಿಗಳಿಗೆ ಇಂಗ್ಲೆಂಡಿನ ಕೃತಕ ನೊಣಗಳನ್ನು ಕಟ್ಟುವವರಲ್ಲಿ ಅಪಾರವಾದ ಬೇಡಿಕೆಯಿದ್ದು, ಒಂದು ಕಾಲದಲ್ಲಿ ಇಲ್ಲಿಂದ ಅವು ಹೇರಳವಾಗಿ ರಫ್ತಾಗುತ್ತಿದ್ದುವು. ಇಂದು ಆ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯವಿದೆ; ಹಾಗಿರುವುದೇ ಸರಿ.

ಟ್ರೌಟ್ ಭಾರತದ ಮೀನಲ್ಲ. 1900ರಲ್ಲಿ ಸ್ಕಾಟ್ಲೆಂಡಿನಿಂದ ತಂದ ಮೊಟ್ಟೆಗಳಿಂದ ಕಾಶ್ಮೀರದಲ್ಲಿ ಅದರ ವಂಶ ಬೇರೂರಿತು. ದಕ್ಷಿಣದಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ, ಕನ್ನಡಕ್ಕೆ ನಿಕಟವಾದ ನುಡಿಯನ್ನಾಡುವ ಬಡಗರ ಸೀಮೆಯಲ್ಲಿ, 1907ರಲ್ಲಿ ಮರಿಮಾಡುವ ಕೇಂದ್ರವೊಂದು ಸ್ಥಾಪಿತವಾಯಿತು. ಗಾಳದ ವಿದ್ಯೆಯ ಇತಿಹಾಸದಲ್ಲಿ ಕನ್ನಡನಾಡಿಗೆ ಸಲ್ಲುವ ಗೌರವವು ಬೇರೊಂದು ದಾರಿಯಿಂದ ಬಂದದ್ದು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಇಲ್ಲಿಯ ಹೊಳೆಗಳ ಮಹಶೀರ್ ಮೊದಲಾದ ಮೀನುಗಳನ್ನು ಅಭ್ಯಾಸಮಾಡಿ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು; ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಆತನು 1887ರಲ್ಲಿ ಇನ್ನೊಂದು ಗ್ರಂಥವನ್ನು ಬರೆದನು. ಕೆರೆಗಳಿಂದಲೇ ಬದುಕುತ್ತಿರುವ ನಮ್ಮ ಸೀಮೆಯವರು ಆ ಎರಡನೆಯದನ್ನು ವಿಶೇಷವಾಗಿ ನೋಡಬೇಕು.

ಹಾಗಾದರೆ ಟ್ರೌಟ್ ಇಲ್ಲದ ವರದೆಯಲ್ಲಿ ಕ್ಯಾಡಿಸ್ ಹುಳುವಿನಿಂದ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ನಮ್ಮ ಹೊಳೆಗಳ ಕೈಬೆರಳುದ್ದದ ಬೆಳ್ಳಿಮೀನುಗಳು, ಬಿರುಸಾದ ಹರಿವಿನಲ್ಲಿ ಮೇಲ್ಮೈಯ ಹುಳುಗಳಿಗಾಗಿ ನೆಗೆಯುವ ಬರೀಲಿಯಸ್ ಕುಲದ ಮೀನುಗಳು, ಅವುಗಳನ್ನು ತಿನ್ನುವ ದೊಡ್ಡ ಮೀನುಗಳು, ಮಿಂಚುಳ್ಳಿ, ಬೆಳ್ಳಕ್ಕಿ, ಸಂಜೆಯ ಬಾವಲಿ ಇವೆಲ್ಲವೂ ಈ ಹುಳುವಿನಿಂದ ಪೋಷಣೆ ಪಡೆಯುತ್ತವೆ. ಋತುಕ್ರಮ ಮಾತ್ರ ಇಲ್ಲಿ ಬೇರೆ. ಬೆಚ್ಚನೆಯ ನೀರಿನಲ್ಲಿ ಅನೇಕ ಜಾತಿಗಳು ವರ್ಷಕ್ಕೊಂದೇ ಪೀಳಿಗೆಯ ಕಟ್ಟಿಗೆ ಒಳಗಾಗದೆ ಹಲವು ಸಲ ರೆಕ್ಕೆ ತಳೆಯುತ್ತವೆ. ನಮ್ಮ ಕಾಡುಗಳಲ್ಲಿ ಎಲೆಯುದುರುವುದು ಶರತ್ತಿನಲ್ಲಲ್ಲ, ಮಾಘ-ಫಾಲ್ಗುಣಗಳಲ್ಲಿ. ಆದರೂ ಮುಂಗಾರಿನ ಪ್ರವಾಹವು ತಳವನ್ನೆಲ್ಲ ತೊಳೆದುಹೋದ ಮೇಲೆ ನೀರು ತಿಳಿಯಾಗಿ, ಕಲ್ಲಿನ ಮೇಲೆ ಪಾಚಿ ಹಬ್ಬಿ, ಹುಳುಗಳು ಮತ್ತೆ ನೆಲೆಗೊಳ್ಳುವುದು ಕಾರ್ತಿಕದ ದಿನಗಳಲ್ಲಿಯೇ. ಹೊಳೆಯ ದಂಡೆಯ ಮನೆಗಳಲ್ಲಿ ದೀಪಕ್ಕೆ ಮುತ್ತುವ ಹುಳುಗಳ ನಡುವೆ ಉದ್ದಮೀಸೆಯ, ಇಳಿಜಾರು ರೆಕ್ಕೆಯ ಕಂದುಹುಳುವನ್ನು ಕಂಡರೆ ಅದು ಇದೇ ಇರಬಹುದು.

ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಹಾನಗಲ್ಲ, ಹಿರೇಕೆರೂರುಗಳ ಪಶ್ಚಿಮದ ಅಂಚು ಅರೆಮಲೆನಾಡಾದುದರಿಂದ ಅಲ್ಲಿಯ ಹಳ್ಳಗಳಲ್ಲಿ ಕಲ್ಲುತಳವೂ ನೆರಳೂ ಉಳಿದಿವೆ. ಶಿಗ್ಗಾಂವಿ, ಸವಣೂರುಗಳಲ್ಲಿ ಹಳ್ಳಗಳು ಬೇಸಗೆಯಲ್ಲಿ ಬತ್ತುವುದೇ ಹೆಚ್ಚು. ಅಲ್ಲಿ ಜಲಜೀವಿಗಳಿಗೆ ಕೆರೆಗಳೇ ಗತಿ. ಕ್ಯಾಡಿಸ್ ಗಣದಲ್ಲಿ ನಿಂತ ನೀರಿನಲ್ಲಿ ಬಾಳುವ ಉದ್ದಮೀಸೆಯ ಲೆಪ್ಟೋಸೆರಿಡೆ ಎಂಬ ಕುಟುಂಬವೂ ಇದೆ. ಸವಣೂರಿನ ಮೋತಿ ತಲಾಬಿನ ದಂಡೆಯಲ್ಲಾಗಲಿ ಬಂಕಾಪುರದ ಕೋಟೆಯ ಸುತ್ತಿನ ನೀರಿನಲ್ಲಾಗಲಿ ಕುತೂಹಲವುಳ್ಳ ವಿದ್ಯಾರ್ಥಿಗಳು ಹುಡುಕಬೇಕಾದದ್ದು ಅದನ್ನು.

ಹೊಳೆಯ ಆರೋಗ್ಯವನ್ನು ತಿಳಿಯಲು ಈ ಹುಳುವಿಗಿಂತ ನಂಬಲರ್ಹವಾದ ಸಾಕ್ಷಿ ದುರ್ಲಭ. ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ ನೀರು ಆ ಒಂದು ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸಿರುವ ಡಿಂಭವು ನಡುವೆ ಬಂದುಹೋದ ವಿಷವನ್ನೂ ಹೇಳುತ್ತದೆ. ಕೊಳಚೆ ಸೇರಿ ಪ್ರಾಣವಾಯು ಕುಂದಿದೊಡನೆ ಸೂಕ್ಷ್ಮಪ್ರಕೃತಿಯ ಜಾತಿಗಳು ಮೊದಲು ಮಾಯವಾಗುತ್ತವೆ, ಸಹಿಷ್ಣುವಾದ ಕೆಲವು ಮಾತ್ರ ಉಳಿಯುತ್ತವೆ. ಕುದುರೆಮುಖದ ತೊರೆಗಳಲ್ಲಿ ದಂಡೆಯ ನೆಲದ ಬಳಕೆಯು ಜಲಕೀಟಗಳ ಮೇಲೆ ಮಾಡುವ ಪರಿಣಾಮವನ್ನು ಕೆ.ಎ. ಸುಬ್ರಮಣಿಯನ್, ಕೆ.ಜಿ. ಶಿವರಾಮಕೃಷ್ಣನ್ ಮತ್ತು ಮಾಧವ ಗಾಡ್ಗೀಳರು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಅವರಲ್ಲಿ ಮೊದಲಿಬ್ಬರು ಸಿದ್ಧಪಡಿಸಿದ, ಜಲಕೀಟಗಳ ನೆರವಿನಿಂದ ನೀರನ್ನು ಪರೀಕ್ಷಿಸುವ ಕೈಪಿಡಿಯನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯು 2007ರಲ್ಲಿ ಹೊರತಂದಿತು. ಇಷ್ಟೆಲ್ಲ ತಿಳಿವಳಿಕೆ ಕೈಯಳತೆಯಲ್ಲಿರುವಾಗ, ವರದಾ-ತುಂಗಭದ್ರೆಗಳ ಪಾತ್ರದಿಂದ ಮರಳನ್ನು ತಳಸಮೇತ ಬಗೆದು ಸಾಗಿಸುವುದನ್ನು ನೋಡಿದರೆ ವ್ಯಥೆಯಾಗುತ್ತದೆ. ಮರಳು ಹೋದರೆ ಹುಳುವಿನ ಮನೆಗೆ ಸಾಮಗ್ರಿಯಿಲ್ಲ. ಕಲ್ಲು ಕೆಸರಿನಲ್ಲಿ ಹುದುಗಿದರೆ ಬಲೆಗೆ ನೆಲೆಯಿಲ್ಲ. ದಂಡೆಯ ಹೊಂಗೆ-ಮತ್ತಿಗಳನ್ನು ಕಡಿದರೆ ನೀರಿಗೆ ಬೀಳುವ ಎಲೆಯೂ ಇಲ್ಲ, ನೆರಳೂ ಇಲ್ಲ.

ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳು ತಮ್ಮ ಊರಿನ ಹಳ್ಳವನ್ನೋ ಕೆರೆಯನ್ನೋ ಆರಿಸಿಕೊಂಡು, ಮಳೆ ನಿಂತ ಮೇಲೆ ಒಂದು ಸಲ, ಬೇಸಗೆಗೆ ಮುಂಚೆ ಒಂದು ಸಲ ಅದರ ಹುಳುಗಳನ್ನು ಗುರುತಿಸಿ ಪುಸ್ತಕದಲ್ಲಿ ಬರೆದಿಡಲಿ. ಅದಕ್ಕೆ ನೆರವಾಗುವಂಥ, ನಮ್ಮ ಹಳ್ಳಗಳ ಹುಳುಗಳ ಚಿತ್ರಗಳುಳ್ಳ ಸುಲಭವಾದ ಕನ್ನಡ ಕೈಪಿಡಿಯೊಂದನ್ನು ಧಾರವಾಡದ ಪ್ರಾಣಿಶಾಸ್ತ್ರದ ಅಧ್ಯಾಪಕರು ಬರೆದುಕೊಡಲಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಲ್ಲಿಯೂ ನನ್ನದೊಂದು ಬಿನ್ನಹವಿದೆ: ಯಾವ ತಿಂಗಳಲ್ಲಿ ಯಾವ ಹುಳು ಏಳುತ್ತದೆ, ಆಗ ಯಾವ ಮೀನು ಮೇಲೆ ಬರುತ್ತದೆ ಎಂಬ ಅರಿವು ವರದೆಯ ದಂಡೆಯ ಅಂಬಿಗರಲ್ಲಿಯೂ ಗಂಗಾಮತಸ್ಥರಲ್ಲಿಯೂ ತಲೆಮಾರುಗಳಿಂದ ಬಂದಿದೆ; ಅದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಬಾಯಿಂದ ಕೇಳಿ ಬರೆದಿಡುವ ಕಾರ್ಯವನ್ನು ಆರಂಭಿಸಬೇಕು.